ಗೂಜಿಯವರ ಮುಖ

ಸವಾಯೆ ನನ್ನ ಫೋಟೋ ಸ್ಟುಡಿಯೋ ಬಾಗಿಲು ಸರಿಸಿ ಒಳಗೆ ಬಂದಾಗ ನಾನು ಒಂದು ಪುಟ್ಟ ಹುಡುಗಿಯ ಮೂಗು ಒರೆಸುತ್ತಿದ್ದೆ. ನವೆಂಬರ್ ಅಂದರೆ ನನಗೆ ಸುಗ್ಗಿ. ಮೂರು, ಐದು, ಏಳು ತುಂಬಿದ ಮಕ್ಕಳಿಗೆಲ್ಲ ಕಿಮೋನೋ ಉಡಿಸಿ, ದೇಗುಲಕ್ಕೆ ಕರೆದೊಯ್ದು ಆಶೀರ್ವಾದ ಮಾಡಿಸಿ, ಅಲ್ಲಿಂದ ನೇರ ನನ್ನ ತಲೆಯ ಮೇಲೆ ತಂದು ಕೂರಿಸುತ್ತಾರೆ. ಮಕ್ಕಳು ಕಿರುಚುತ್ತವೆ, ಅಜ್ಜಿಯರು ಸೊಸೆಯರನ್ನು ಬೈಯುತ್ತಾರೆ, ಸೊಸೆಯರು ಮೊಬೈಲು ಹಿಡಿದು ನನ್ನ ದೀಪಕ್ಕೇ ಅಡ್ಡ ನಿಲ್ಲುತ್ತಾರೆ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಆ ತಿಂಗಳಲ್ಲಂತೂ ನನ್ನ ಜೊತೆ ಮಾತಾಡದಿರುವುದೇ ಒಳ್ಳೆಯದು ಎಂದು ಊರಿಗೆಲ್ಲ ಗೊತ್ತು.

ಸವಾಯೆಗೂ ಗೊತ್ತು. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವಳು. ಅದಕ್ಕೇ ಮೂಲೆಯ ಸ್ಟೂಲಿನ ಮೇಲೆ ಮಡಿಲಲ್ಲಿ ಒಂದು ಬಟ್ಟೆಯ ಗಂಟು ಇಟ್ಟುಕೊಂಡು ತೆಪ್ಪಗೆ ಕೂತಿದ್ದಳು. ಗಂಟಿನಿಂದ ತೌಡಿನಲ್ಲಿ ಹಾಕಿಟ್ಟ ಬಂಗುಡೆ ಮೀನಿನ ವಾಸನೆ ಬರುತ್ತಿತ್ತು. ಅವಳು ಬಂಗುಡೆ ತಂದಳು ಅಂದರೆ ಏನೋ ಕೇಳಲು ಬಂದಿದ್ದಾಳೆ ಎಂದೇ ಅರ್ಥ.

ಕೊನೆಯ ಅಜ್ಜಿಯೂ ಹೊರಟ ಮೇಲೆ ಅವಳು ಬಾಯಿ ಬಿಟ್ಟಳು. "ತಾತ್ಸುಕೋ, ನಮ್ಮನೆಯವರದ್ದೊಂದು ಫೋಟೋ ತೆಗೆದುಕೊಡೇ. ಮುಖದ್ದು."

"ಮುಖದ್ದಲ್ಲದೆ ಇನ್ನೇನು, ಮೊಣಕಾಲಿಂದು ತೆಗೀತಾರಾ?"

"ನೀನು ಇಷ್ಟು ವರ್ಷ ತೆಗೆದದ್ದೆಲ್ಲ ಬೆನ್ನಿಂದೇ ಕಣೇ."

"ಹೋಗೇ, ಸುಳ್ಳಿ," ಎಂದು ನಾನು ಕಂಪ್ಯೂಟರ್ ತೆರೆದೆ.

ಅವಳ ಗಂಡ ಕುಜೂಮಿ ಯಾಸುಹಿದೆ ನಮ್ಮ ಬಂದರಿನ ಗುಡ್ಡದ ಮೇಲಿರುವ ದೇಗುಲದ ಮುಖ್ಯ ಅರ್ಚಕರು. ಆ ಪದವಿಯ ಹೆಸರಿನಿಂದಲೇ ಊರವರಿಗೆ ಅವರು ಗೂಜಿಯವರು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಊರಿನ ಮದುವೆ, ಹೊಸ ದೋಣಿಯ ಪೂಜೆ, ಶರತ್ಕಾಲದ ಹಬ್ಬ, ಎಲ್ಲವೂ ಇಷ್ಟು ವರ್ಷ ಅವರ ಕೈಯಲ್ಲಿ. ಅವುಗಳ ಫೋಟೋ ನನ್ನ ಕೈಯಲ್ಲಿ, ನನಗಿಂತ ಮೊದಲು ನನ್ನ ಅಪ್ಪನ ಕೈಯಲ್ಲಿ. ಅಂಥವರ ಮುಖದ ಫೋಟೋ ಇಲ್ಲವೆಂದರೆ ನನ್ನ ಕಸುಬಿಗೇ ಅವಮಾನ.

ಒಂದೊಂದೇ ತೆಗೆದು ನೋಡಿದೆ. ಬಿಳಿ ನಿಲುವಂಗಿಯ ಬೆನ್ನು. ಎತ್ತರದ ಕರಿ ಟೋಪಿಯ ಹಿಂಭಾಗ. ಬಾಗಿದ ಸೊಂಟ, ಮರದ ಜೋಡಿನ ಹಿಮ್ಮಡಿ. ಮದುಮಕ್ಕಳು ನಗುತ್ತಿದ್ದಾರೆ, ಅವರಾಚೆ ಗೂಜಿಯವರ ಕಿವಿ ಕಾಣುತ್ತಿದೆ. ಇರುವುದೇ ಹಾಗಲ್ಲವೇ? ಅರ್ಚಕರ ಕೆಲಸವೆಲ್ಲ ದೇವರ ಕಡೆ ತಿರುಗಿ. ನಾವು ಹಿಂದೆ ಕೂರುವವರು. ಎಲ್ಲರೂ ಸೇರಿ ನಿಂತ ಫೋಟೋಗಳಲ್ಲಾದರೂ ಸಿಗಬಹುದೆಂದು ಹುಡುಕಿದರೆ ಅಲ್ಲೂ ತಲೆ ಬಗ್ಗಿಸಿ ನೆಲ ನೋಡುತ್ತಾ ನಿಂತಿದ್ದರು.

"ಲೈಸೆನ್ಸಿನ ಫೋಟೋ ಇರಬೇಕಲ್ಲ?"

ಸವಾಯೆ ಅದನ್ನೂ ತಂದಿದ್ದಳು. ನೋಡಿದೆ. ಕೋಳಿ ಕದ್ದು ಸಿಕ್ಕಿಬಿದ್ದವರ ಹಾಗಿದ್ದರು. ನನಗೆ ನಗು ತಡೆಯಲಾಗಲಿಲ್ಲ, ಅವಳಿಗೂ ಆಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಅವಳು ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳು.

"ಏನೇ ಅದು? ಅವರು ಹೋದಮೇಲೆ ಇಡೋದಕ್ಕೆ ಬೇಕಾ?" ಎಂದು ಕೇಳಿದೆ. ನನ್ನಲ್ಲಿಗೆ ಎಪ್ಪತ್ತು ದಾಟಿದವರು ಬರುವುದೇ ಅದಕ್ಕೆ.

"ಸಾಯೋದು ಆಮೇಲೆ. ಅದಕ್ಕೆ ಮುಂಚೆ ನನ್ನನ್ನ ಮರೆತುಬಿಡ್ತಾರೆ." ಅವಳು ಲೈಸೆನ್ಸನ್ನು ಚೀಲಕ್ಕೆ ಹಾಕಿಕೊಂಡಳು. "ನಿನಗೆ ಗೊತ್ತಿದೆಯಲ್ಲ, ವಸಂತದಿಂದ ಮಗಳು ಚಿಗುಸಾನೇ ದೇಗುಲದ್ದೆಲ್ಲ ನೋಡ್ಕೋತಿರೋದು. ಡಾಕ್ಟರು ಚಿತ್ರ ತೋರಿಸಿ ಹೇಳಿದರು, ಮೆದುಳು ಇಷ್ಟಿಷ್ಟೇ ಒಣಗ್ತಾ ಬರತ್ತಂತೆ. ಮೊನ್ನೆ ಬೆಳಿಗ್ಗೆ ನನ್ನನ್ನ ನೋಡಿ, 'ಬನ್ನಿ ಬನ್ನಿ, ದೂರದಿಂದ ಬಂದಿರಾ?' ಅಂದರು. ಎಷ್ಟು ಮರ್ಯಾದೆ ಕೊಟ್ಟು ಅಂದರು ಗೊತ್ತಾ!"

ನಾನು ಬಂಗುಡೆಯ ಗಂಟು ಬಿಚ್ಚಿದೆ.

"ಈಗಿನ್ನೂ ಮುಖ ಅವರದ್ದೇ ಇದೆ ಕಣೇ. ಒಂದೊಂದು ಹೊತ್ತಲ್ಲಿ ಇರತ್ತೆ. ಅದು ಪೂರ್ತಿ ಹೋಗೋ ಮುಂಚೆ ಒಂದು ಬೇಕು ನನಗೆ. ಅವರು ಅವರಾಗೇ ಇರೋದು. ಆಮೇಲೆ ಮನೇಲಿ ಯಾರೋ ಒಬ್ಬರು ಕೂತಿರ್ತಾರೆ, ಅವರಿಗೆ ಊಟ ಬಡಿಸ್ತೀನಿ, ಸ್ನಾನ ಮಾಡಿಸ್ತೀನಿ. ಯಾರಿಗೆ ಮಾಡ್ತಿದ್ದೀನಿ ಅನ್ನೋದು ನೋಡ್ಕೊಳ್ಳೋಕಾದರೂ ಬೇಕಲ್ಲ."

"ನಾಳೇನೇ ಕರ್ಕೊಂಡು ಬಾ," ಎಂದೆ.

ಮರುದಿನ ಕರೆತಂದಳು. ಗೂಜಿಯವರು ಬೂದು ಬಣ್ಣದ ಸೂಟು ಹಾಕಿ, ತಲೆ ಬಾಚಿಕೊಂಡು, ಬಹಳ ವಿನಯದಿಂದ ಬಂದರು. ಪರದೆಯ ಮುಂದೆ ಕೂರಿಸಿದೆ. "ಯಾರ ಮದುವೆ?" ಎಂದು ಕೇಳಿದರು. ಯಾರದ್ದೂ ಅಲ್ಲ, ನಿಮ್ಮ ಫೋಟೋ ಎಂದೆ. "ಓಹೋ, ಸಂತೋಷ," ಎಂದು ನಕ್ಕರು. ಬಸ್ ಸ್ಟಾಪಿನಲ್ಲಿ ಗುರುತಿಲ್ಲದವರಿಗೆ ನಗುತ್ತೇವಲ್ಲ, ಅಂಥ ನಗು. ನಾನು ಜೋಕು ಹೇಳಿದೆ, ಹಬ್ಬದ ಪಲ್ಲಕ್ಕಿಯನ್ನು ಸಮುದ್ರಕ್ಕೆ ಬೀಳಿಸಿದ ವರ್ಷವನ್ನು ನೆನಪಿಸಿದೆ, ಕೊನೆಗೆ ಮಕ್ಕಳಿಗೆ ತೋರಿಸುವ ಕೀಚು ಕೀಚು ರಬ್ಬರ್ ಬಾತುಕೋಳಿಯನ್ನೂ ಒತ್ತಿದೆ. ಅದೇ ನಗು. ಕಣ್ಣಿನ ಹಿಂದೆ ಯಾರೂ ಇರಲಿಲ್ಲ.

ಫೋಟೋಗಳನ್ನು ನೋಡಿ ಸವಾಯೆ, "ಚೆನ್ನಾಗಿವೆ," ಎಂದಳು. ಆಮೇಲೆ, "ಯಾರಿವರು?" ಎಂದಳು.

ನನಗೆ ತಲೆ ಕೆಟ್ಟುಹೋಯಿತು. ಅವರ ಮೇಲೆ ಅಲ್ಲ, ನನ್ನ ಮೇಲೆ, ನನ್ನ ದೀಪಗಳ ಮೇಲೆ. "ಇಲ್ಲಿ ಆಗಲ್ಲ. ದೇಗುಲಕ್ಕೆ ಬರ್ತೀನಿ. ಅವರಿಗೆ ಪೂಜೆಯ ಬಟ್ಟೆ ಹಾಕಿಸು," ಎಂದು ಗದರಿದೆ.

ಎರಡು ದಿನ ಬಿಟ್ಟು ಕ್ಯಾಮೆರಾ ಹೊತ್ತು ಗುಡ್ಡ ಹತ್ತಿದೆ. ಚಿಗುಸಾ ಅಪ್ಪನಿಗೆ ನಿಲುವಂಗಿ ತೊಡಿಸಿ, ಟೋಪಿಯ ದಾರ ಗದ್ದದ ಕೆಳಗೆ ಕಟ್ಟುತ್ತಿದ್ದಳು. ಅವಳು ಸವಾಯೆಯ ಒಬ್ಬಳೇ ಮಗಳು, ಈಗ ಆ ದೇಗುಲದ ಅರ್ಚಕಿ. ಮೊದಲು ಊರಲ್ಲಿ ಗೊಣಗಿದವರಿದ್ದರು. ಅವಳು ಕೊರೆಯುವ ಚಳಿಯಲ್ಲಿ ಎದೆಮಟ್ಟ ಸಮುದ್ರಕ್ಕಿಳಿದು ದೋಣಿಗಳನ್ನು ಹರಸಿದ ಮೇಲೆ ಎಲ್ಲ ಬಾಯಿ ಮುಚ್ಚಿಕೊಂಡರು.

ದಾರದ ಗಂಟು ಬಿಗಿದದ್ದೇ ತಡ, ಗೂಜಿಯವರ ಬೆನ್ನು ನೆಟ್ಟಗಾಯಿತು. ಪೂಜೆಯಲ್ಲಿ ಹಿಡಿಯುವ ಮರದ ಪಟ್ಟಿಯನ್ನು ಕೈಗೆ ಕೊಟ್ಟರೆ ಬೆರಳುಗಳು ತಾವಾಗಿಯೇ ಹಿಡಿದುಕೊಂಡವು. ನನಗೆ ಆಸೆ ಹುಟ್ಟಿತು. ಅಂಗಳಕ್ಕೆ ಕರೆತಂದು, ದೇಗುಲ ಹಿಂದೆ ಬರುವಂತೆ, ನನ್ನ ಕಡೆ ಮುಖಮಾಡಿ ನಿಲ್ಲಿಸಿದೆ. ಕ್ಯಾಮೆರಾ ಎತ್ತುವಷ್ಟರಲ್ಲಿ ತಿರುಗಿಬಿಟ್ಟಿದ್ದರು. ಮತ್ತೆ ಬೆನ್ನು.

"ಗೂಜಿಯವರೇ, ಈ ಕಡೆ."

ತಿರುಗಿದರು. ಕ್ಯಾಮೆರಾ ಎತ್ತಿದೆ. ಬೆನ್ನು.

"ಗೂಜಿಯವರೇ, ಒಂದು ನಿಮಿಷ, ಒಂದೇ ಒಂದು ನಿಮಿಷ ಅಲ್ಲಾಡಬೇಡಿ ಅಂದೆ!"

ಅವರು ನನ್ನನ್ನು ಗದರಿದರು. ನೋಡಿ, ಆ ಹಳೆಯ ದನಿ ಹಾಗೇ ಇತ್ತು. "ದೇವರಿಗೆ ಬೆನ್ನು ಹಾಕಿ ನಿಂತ್ಕೋ ಅಂತಿದ್ದೀಯಲ್ಲ, ಯಾರಮ್ಮ ನೀನು? ಎಲ್ಲಿಯವಳು?"

ನನ್ನ ಮದುವೆ ಮಾಡಿಸಿದವರು, ನನ್ನ ಮಕ್ಕಳಿಗೆ ಹೆಸರಿಟ್ಟವರು. ಯಾರಮ್ಮ ನೀನು! ನನಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅವರು ಮತ್ತೆ ದೇವರ ಕಡೆ ತಿರುಗಿ, ಸಮಾಧಾನವಾಗಿ ನಿಂತಿದ್ದರು.

ಆಗಲೇ ನನ್ನ ತಲೆಗೆ ಅದು ಹೊಳೆದದ್ದು. ಮುಖ ಇರುವುದು ಆ ಕಡೆ. ಕಾಣುವುದು ಅಲ್ಲಿಂದ ಮಾತ್ರ.

"ಚಿಗುಸಾ, ಬೆಳಗಿನ ನೈವೇದ್ಯ ಈಗಲೂ ಅಪ್ಪನೇ ಇಡ್ತಾರಾ?"

"ಹ್ಞೂಂ. ಅದೊಂದನ್ನ ಬಿಟ್ಟುಕೊಟ್ಟಿಲ್ಲ. ತಪ್ಪೂ ಮಾಡಲ್ಲ."

"ಹಾಗಾದರೆ ನಾನು ಒಳಗೆ ಕೂತ್ಕೋತೀನಿ. ದೇವರ ಮುಚ್ಚಿದ ಬಾಗಿಲಿನ ಮೆಟ್ಟಿಲ ಬುಡದಲ್ಲಿ, ಅದರ ಮುಂದಿನ ಕನ್ನಡಿಯ ಕೆಳಗೆ. ಅವರಿಗೆ ಎದುರಾಗಿ."

ಚಿಗುಸಾಳ ಮುಖ ಬಿಳುಚಿಕೊಂಡಿತು. "ತಾತ್ಸು ಅತ್ತೇ, ಏನು ಮಾತಾಡ್ತಿದ್ದೀರಿ? ಅದು ದೇವರಿಗೆ ಬಿಟ್ಟ ನಡುವಿನ ಜಾಗ. ಅಲ್ಲಿ ನಾನೇ ಕಾಲಿಡಲ್ಲ, ಪಕ್ಕದಲ್ಲಿ ಬಗ್ಗಿ ನಡೀತೀನಿ. ದೇವರಿಗೂ ಅಪ್ಪನಿಗೂ ಮಧ್ಯೆ ಹೋಗಿ, ದೇವರ ಬಾಗಿಲಿಗೆ ನಿಮ್ಮ... ನಿಮ್ಮ ಹಿಂಭಾಗ ತೋರಿಸಿ ಕೂರೋದಾ?"

"ನನ್ನ ಹಿಂಭಾಗ ನೋಡಿ ದೇವರು ಹೆದರ್ಕೊಳ್ಳಲ್ಲ ಬಿಡು."

"ತಮಾಷೆ ಅಲ್ಲ ಅತ್ತೆ. ಬೇಡ. ಆಗಲ್ಲ."

ತಮಾಷೆ ಅಲ್ಲವೆಂದು ನನಗೂ ಗೊತ್ತಿತ್ತು. ಮದುವೆಗಳ ಫೋಟೋ ತೆಗೆಯುವಾಗ ಎಷ್ಟೇ ಒಳ್ಳೆಯ ಬೆಳಕಿದ್ದರೂ ಆ ನಡುಗೆರೆಯನ್ನು ದಾಟಬೇಡ ಎಂದು ಅಪ್ಪ ನನ್ನ ಕಿವಿ ಹಿಂಡಿ ಕಲಿಸಿದ್ದ. ನಾನು ಇನ್ನೇನು ಸುಮ್ಮನಾಗುತ್ತಿದ್ದೆ. ಅಷ್ಟರಲ್ಲಿ ಕಸಪೊರಕೆ ಹಿಡಿದು ಗಿಂಕೋ ಮರದ ಹಳದಿ ಎಲೆ ಗುಡಿಸುತ್ತಿದ್ದ ಸವಾಯೆ ಹತ್ತಿರ ಬಂದಳು.

"ಮದುವೆಯಾಗಿ ಬಂದ ಮಾರನೇ ದಿನದಿಂದ ಆ ದೇವರಿಗೆ ಅಕ್ಕಿ ತೊಳೆದುಕೊಟ್ಟವಳು ನಾನು," ಎಂದಳು. "ಜ್ವರ ಬಂದಾಗಲೂ ಕೊಟ್ಟಿದ್ದೀನಿ. ಹಿಮ ಬಿದ್ದು ಬಾಗಿಲೇ ತೆಗೆಯೋಕಾಗದ ದಿನ ಕಿಟಕಿಯಿಂದ ಇಳಿದು ಬಂದು ಕೊಟ್ಟಿದ್ದೀನಿ. ಒಂದು ದಿನಾನಾದರೂ ಏನಾದರೂ ಬೇಕು ಅಂತ ಕೇಳಿದೀನಾ? ಈಗ ಕೇಳ್ತಿದ್ದೀನಿ. ಒಂದು ಗಳಿಗೆ ಸ್ವಲ್ಪ ಪಕ್ಕಕ್ಕೆ ಸರಿದು ಕೂತ್ಕೊಳ್ಳಲಿ. ಏನು, ಸವೆದುಹೋಗ್ತಾನಾ?"

"ಅಮ್ಮಾ! ಕೇಳಿಸತ್ತೆ!"

"ಕೇಳಿಸ್ಲಿ ಅಂತಾನೇ ಹೇಳಿದ್ದು."

ಚಿಗುಸಾ ಅಮ್ಮನನ್ನೂ ದೇಗುಲವನ್ನೂ ಬದಲಿಸಿ ಬದಲಿಸಿ ನೋಡಿದಳು. ಅವಳ ಸ್ಥಿತಿ ನೋಡಿ ನನಗೇ ಅಯ್ಯೋ ಅನ್ನಿಸಿತು. ಕೊನೆಗೆ, "ನಾನು ಮೊದಲು ಒಳಗೆ ದೇವರಿಗೆ ಹೇಳಿಕೊಳ್ಳಬೇಕು. ನಾಳೆ ಬೆಳಿಗ್ಗೆ ಬನ್ನಿ. ಸ್ನಾನ ಮಾಡಿಕೊಂಡು, ಏನೂ ತಿನ್ನದೆ ಬನ್ನಿ," ಎಂದಳು.

ಮರುದಿನ ಬೆಳಗಾಗುವ ಹೊತ್ತಿಗೆ ಹೋದೆ. ಚಿಗುಸಾ ನನ್ನ ಕೈ ಬಾಯಿ ತೊಳೆಸಿದಳು, ಕಾಲಿಗೆ ಬಿಳಿ ಕಾಲುಚೀಲ ಹಾಕಿಸಿದಳು, ಶುದ್ಧಿಗೆಂದು ಬಿಳಿ ಕಾಗದದ ಪಟ್ಟಿಗಳ ಕೋಲನ್ನು ನನ್ನ ತಲೆಯ ಮೇಲೆ ಬೀಸಿದಳು. ಆಮೇಲೆ ಕ್ಯಾಮೆರಾದ ಮೇಲೂ ಬೀಸಿದಳು. ಒಳಗೆ ಹೋಗಿ ತಾನೇ ಬರೆದ ಒಂದು ಪ್ರಾರ್ಥನೆಯನ್ನು ಓದಿದಳು. ಹಳೆಯ ಮಾತಿನಲ್ಲಿ, ಬಹಳ ಗಂಭೀರವಾಗಿ: ಈ ದಿನ ಈ ಸನ್ನಿಧಿಯಲ್ಲಿ ಒಂದು ಒರಟುತನ ನಡೆಯಲಿದೆ, ನಡೆಸುವವಳು ಉಕಾಯ್ ತಾತ್ಸುಕೋ ಎಂಬ ಚಿತ್ರಗಾರ್ತಿ, ಅವಳ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ಬೈಯುವುದಾದರೆ ನನ್ನನ್ನು ಬೈಯಿರಿ. ನನ್ನ ಹೆಸರನ್ನು ಅಷ್ಟು ಗೌರವದಿಂದ ಯಾರೂ ಹೇಳಿದ್ದು ನನಗೆ ನೆನಪಿಲ್ಲ.

"ಇನ್ನೊಂದು ಮಾತು ಅತ್ತೆ. ಅಪ್ಪ ಪೂಜೆ ಮುಗಿದಮೇಲೆ ದೇವರ ಹತ್ತಿರ ಏನೋ ಮೆಲ್ಲಗೆ ಹೇಳ್ಕೋತಾರೆ. ನಾವು ಯಾರೂ ಕೇಳಿಸಿಕೊಂಡಿಲ್ಲ. ನಿಮಗೆ ಕೇಳಿಸಿದರೆ ಅಲ್ಲೇ ಬಿಟ್ಟು ಬನ್ನಿ."

ಆಗಲಿ ಎಂದು ಮಾತು ಕೊಟ್ಟೆ.

ಮೊಣಕಾಲೂರಿ ನಡುವಿನ ಜಾಗಕ್ಕೆ ಸರಿದೆ. ದೇವರಿಗೂ ನನಗೂ ಅಷ್ಟಕ್ಕಷ್ಟೆ. ಹೊಸವರ್ಷಕ್ಕೆ ಚಪ್ಪಾಳೆ ತಟ್ಟಿ ಕೈಮುಗಿಯುವುದು ಬಿಟ್ಟರೆ ಲೆಕ್ಕಕ್ಕಿಲ್ಲದವಳು. ಆದರೂ ಮುಚ್ಚಿದ ಆ ಬಾಗಿಲಿಗೆ ಬೆನ್ನು ಹಾಕಿ ಕೂತದ್ದೇ ಕತ್ತಿನ ಹಿಂದೆ ಮೈ ಜುಮ್ಮೆಂದಿತು. ಯಾರದೋ ಖುರ್ಚಿಯಲ್ಲಿ ಕೇಳದೆ ಕೂತ ಹಾಗಾಗುತ್ತಿತ್ತು. ಕ್ಯಾಮೆರಾದ ಸದ್ದು ಆರಿಸಿ, ಒತ್ತಿದರೆ ಒಂದರ ಹಿಂದೊಂದು ತೆಗೆಯುವಂತೆ ಇಟ್ಟುಕೊಂಡೆ.

ಗೂಜಿಯವರು ಅಕ್ಕಿ, ಉಪ್ಪು, ನೀರಿನ ತಟ್ಟೆ ಹಿಡಿದು ಬಂದರು. ನಾನು ಅಲ್ಲಿರುವುದು ಅವರಿಗೆ ಕಾಣಲೇ ಇಲ್ಲವೋ, ಕಂಡೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೋ, ತಿಳಿಯದು. ತಟ್ಟೆ ಇಟ್ಟರು, ಹಿಂದೆ ಸರಿದು ಕೂತರು, ಬಗ್ಗಿದರು, ಎದ್ದರು.

ಮುಖ ಎತ್ತಿದರು. ಅಯ್ಯೋ ದೇವರೇ, ಅಲ್ಲಿ ಗೂಜಿಯವರು ಇದ್ದರು.

ಪೂರ್ತಿ ಇದ್ದರು. ನನ್ನ ಮದುವೆಯ ದಿನ ನಾನು ಶಾಸ್ತ್ರದ ಮದ್ಯದ ಬಟ್ಟಲು ಬೀಳಿಸಿದ್ದಕ್ಕೆ ಹುಬ್ಬು ಹಾರಿಸಿದವರು, ಅಪ್ಪ ಸತ್ತಾಗ ಮಳೆಯಲ್ಲಿ ನೆನೆದುಕೊಂಡು ಬಂದವರು. ಕಣ್ಣಿನಲ್ಲಿ ಮನುಷ್ಯ ವಾಪಸ್ಸು ಬಂದಿದ್ದ. ದಿನವಿಡೀ ಹೊರಗೆ ತಿರುಗಿ ಮನೆಗೆ ಬಂದು, ತನ್ನನ್ನು ಬಲ್ಲವರ ಎದುರು ಕೂತ ಮುಖ ಅದು. ನೋಟ ನನ್ನ ಲೆನ್ಸಿಗಿಂತ ಒಂದು ಗೇಣು ಮೇಲಿತ್ತು. ಪ್ರಾರ್ಥನೆ ಒಂದಕ್ಷರ ತಪ್ಪದೆ ಹರಿಯಿತು. ನಾನು ಒತ್ತಲಿಲ್ಲ. ಒತ್ತುವುದಕ್ಕೆ ನಾಚಿಕೆಯಾಯಿತು. ಆ ಮುಖ ನನಗೆ ತೋರಿಸಿದ್ದಲ್ಲ.

ಪ್ರಾರ್ಥನೆ ಮುಗಿಯಿತು. ಅವರು ಎದ್ದು ಹೋಗಲಿಲ್ಲ. ಮರದ ಪಟ್ಟಿಯನ್ನು ತೊಡೆಯ ಮೇಲಿಟ್ಟು, ಸ್ವಲ್ಪ ಮುಂದಕ್ಕೆ ಬಾಗಿ, ನೆರೆಮನೆಯವರ ಜೊತೆ ಮಾತಾಡುವ ಹಾಗೆ ಮೆಲ್ಲಗೆ ಶುರುಮಾಡಿದರು. ಮೀನು ಸರಿಯಾಗಿ ಬರುತ್ತಿಲ್ಲ ಎಂದರು. ಚಿಗುಸಾ ತೆಳ್ಳಗಾಗಿದ್ದಾಳೆ ಎಂದರು.

"ನನ್ನ ಹೆಂಡತಿ ಹೆಸರು ಸವಾಯೆ. ನಿನ್ನೆ ಮಧ್ಯಾಹ್ನ ಸಿಗಲಿಲ್ಲ, ಎಷ್ಟು ಹುಡುಕಿದರೂ ಸಿಗಲಿಲ್ಲ. ಇಲ್ಲಿಗೆ ಬಂದರೆ ಸಿಗತ್ತೆ. ಇದನ್ನ ನಿನ್ನ ಹತ್ತಿರ ಇಟ್ಟಿರು. ನಾಳೆ ಬಂದು ಕೇಳ್ತೀನಿ. ಸವಾಯೆ."

ಆ ಕೊನೆಯ ಹೆಸರಿಗೆ ನನ್ನ ಬೆರಳು ಒತ್ತಿಬಿಟ್ಟಿತು.

ಅವರು ಹೋದ ಮೇಲೂ ನಾನು ಏಳಲಿಲ್ಲ. ಚಿಗುಸಾ ಬಂದು ಕೈಹಿಡಿದು ಎಬ್ಬಿಸಿದಳು.

ಸಂಜೆ ಸವಾಯೆ ಸ್ಟುಡಿಯೋಗೆ ಬಂದಳು. ತೆಗೆದವುಗಳಲ್ಲಿ ಒಂದನ್ನು ಆರಿಸಿ ದೊಡ್ಡ ಪರದೆಯಲ್ಲಿ ಹಾಕಿದೆ. ಬೆಳಗಿನ ಬೆಳಕು ಕೆನ್ನೆಯ ಮೇಲೆ ಬಿದ್ದಿತ್ತು, ಬಾಯಿ ಅರ್ಧ ತೆರೆದಿತ್ತು, ಕಣ್ಣು ತುಂಬಿಕೊಂಡಿತ್ತು.

"ಹ್ಞಾಂ," ಎಂದಳು. "ಇವರೇ. ಇವರೇ ಕಣೇ." ಪರದೆಗೆ ತಲೆ ಬಾಗಿಸಿದಳು. ಮುಗಿಯಿತು, ನನ್ನ ಕೆಲಸವಾಯಿತು ಎಂದುಕೊಂಡೆ. ಆದರೆ ಅವಳು ನೋಡುತ್ತಾ ನೋಡುತ್ತಾ ಮುಖ ಗಂಟಿಕ್ಕಿಕೊಂಡಳು.

"ಇಷ್ಟು ವರ್ಷ ಈ ಮುಖ ಅಲ್ಲಿಗೆ ಹೋಗ್ತಿತ್ತು ಅನ್ನು."

"ಏನೇ ಅದು?"

"ನನ್ನನ್ನ ಒಂದು ದಿನವೂ ಹೀಗೆ ನೋಡಿಲ್ಲ ತಾತ್ಸುಕೋ. ಮದುವೆಯ ರಾತ್ರಿಯೂ ಇಲ್ಲ, ಚಿಗುಸಾ ಹುಟ್ಟಿದ ದಿನವೂ ಇಲ್ಲ. ಇದೆಲ್ಲ ಆ ಬಾಗಿಲಿಗೆ. ಉಳಿದದ್ದು, ಸವೆದದ್ದು ಊಟದ ಹೊತ್ತಿಗೆ ನನಗೆ ಬರ್ತಿತ್ತು." ಅವಳು ಎದ್ದು ನಿಂತಳು. "ಬೇಡ ಕಣೇ. ಇದನ್ನ ಗೋಡೆಗೆ ಹಾಕ್ಕೊಂಡು ದಿನಾ ನೋಡಿ ಹೊಟ್ಟೆ ಉರ್ಕೊಳ್ಳೋಕೆ ನನ್ನಿಂದ ಆಗಲ್ಲ. ಅಳಿಸಿಬಿಡು."

"ಹುಚ್ಚೀ, ಕೂತ್ಕೋ."

"ಅಳಿಸು ಅಂದೆ."

ಚಿಗುಸಾಗೆ ಮಾತು ಕೊಟ್ಟಿದ್ದೆ. ಆ ಮಾತಿನ ಬೆಲೆ ನನಗೆ ಗೊತ್ತಿತ್ತು. ಆದರೆ ಎದುರಿಗೆ ಇವಳು ನಿಂತಿದ್ದಳು, ಬೇಡದ ನೋವನ್ನು ತಬ್ಬಿಕೊಂಡು. ನನಗೆ ಪಿತ್ತ ನೆತ್ತಿಗೇರಿತು.

"ಬಾಯಿ ತೆರೆದಿದ್ದಾರಲ್ಲ, ಏನು ಹೇಳ್ತಿದ್ದಾರೆ ಗೊತ್ತಾ ನಿನಗೆ? ನಿನ್ನ ಹೆಸರು ಕಣೇ, ಮಂಕೇ!"

ಅವಳು ನನ್ನನ್ನೇ ನೋಡಿದಳು. "ನನ್ನ ಹೆಸರಾ? ಅವರ ಬಾಯಲ್ಲಾ? ಮನೇಲಿ ನಾನು ಯಾವತ್ತೂ 'ಏಯ್'. 'ಏಯ್, ಚಹಾ. ಏಯ್, ಕೊಡೆ ಎಲ್ಲಿ.' ಹೆಸರು ಗೊತ್ತಿದೆಯೋ ಇಲ್ಲವೋ ಅಂತಾನೇ ನನಗೆ ಅನುಮಾನ ಇತ್ತು."

ಕೇಳಿದ್ದನ್ನೆಲ್ಲ ಹೇಳಿದೆ. ನಿನ್ನೆ ಹುಡುಕಿದರೂ ಸಿಗಲಿಲ್ಲವಂತೆ, ದೇವರ ಹತ್ತಿರ ಇಟ್ಟಿದ್ದಾರಂತೆ, ನಾಳೆ ಬಂದು ಕೇಳುತ್ತಾರಂತೆ.

ಸವಾಯೆ ನಿಧಾನಕ್ಕೆ ಕೂತಳು. ಆಮೇಲೆ ಪರದೆಯ ಹತ್ತಿರಕ್ಕೆ ಮುಖ ತಂದು, ತನ್ನ ಬಾಯಿಯನ್ನೂ ಅವರ ಹಾಗೆ ತೆರೆದು ನೋಡಿದಳು.

"ಸ... ವಾ..." ಎಂದಳು. "ಇದು 'ವಾ' ಕಣೇ. ಇದರ ಹಿಂದಿಂದು ಇದೆಯಾ?"

ತೋರಿಸಿದೆ. ಹಲ್ಲುಗಳ ನಡುವೆ ಉಸಿರು ಹಿಡಿದ ಬಾಯಿ.

"ಮುಂದಿಂದು?"

ಅದನ್ನೂ ತೋರಿಸಿದೆ. ಆ ಕೊನೆಯ ಅಕ್ಷರಕ್ಕೆ ತುಟಿಯ ಎರಡು ತುದಿಗಳೂ ಹಿಗ್ಗಿ, ನಕ್ಕ ಹಾಗೇ ಕಾಣುತ್ತಿತ್ತು. ಅವಳು ಅದನ್ನು ನೋಡಿ ತಾನೂ ನಕ್ಕಳು, ಮೂಗು ಒರೆಸಿಕೊಂಡಳು.

"ಮೂರೂ ಬೇಕು ನನಗೆ. ಒಂದೇ ಚೌಕಟ್ಟಿನಲ್ಲಿ, ಸಾಲಾಗಿ ಹಾಕಿಕೊಡು. ನಡುವೆ ಜಾಗ ಬಿಡಬೇಡ."

"ಎಲ್ಲಿ ಹಾಕ್ತೀಯ?"

"ಅವರು ಊಟಕ್ಕೆ ಕೂರ್ತಾರಲ್ಲ, ಅದರ ಎದುರಿಗೇ. ನಾಳೆ ದಿನ ನನ್ನನ್ನ ನೋಡಿ 'ಯಾರಮ್ಮ ನೀವು' ಅಂದರೆ, ನೀವೇ ಹೇಳ್ತಿದ್ದೀರಲ್ಲ, ಅಲ್ಲಿ ನೋಡ್ಕೊಳ್ಳಿ ಅಂತೀನಿ."